ಹಟ್ಟಿ ಸೀಮೆಯ ಬೋರ್ ನೀರು: ಆರ್ಸೆನಿಕ್ ಪರೀಕ್ಷೆ ಎಲ್ಲಿ ತಪ್ಪುತ್ತದೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಸುತ್ತಮುತ್ತ ಚಿನ್ನದ ಗಣಿ ಮತ್ತು ನೀರಿನ ಮಾತು ಬಂದರೆ ಜನ ಮೊದಲು ಕೇಳುವುದು ಅದಿರಿನಿಂದ ಚಿನ್ನ ತೆಗೆಯಲು ಬಳಸುವ ಸಯನೈಡ್ ಬಗ್ಗೆ. ಸಯನೈಡ್ ಬಿಸಿಲು, ಗಾಳಿಗೆ ಕ್ರಮೇಣ ಒಡೆಯುತ್ತದೆ. ಆರ್ಸೆನಿಕ್ಕೂ ವಿಷವೇ, ಆದರೆ ಅದು ಮೂಲಧಾತು, ಒಡೆಯುವುದಿಲ್ಲ. ಇಲ್ಲಿ ಚಿನ್ನದ ಜೊತೆಗೇ ಸಿಗುವ ಆರ್ಸೆನೊಪೈರೈಟ್ ಖನಿಜದ ತೂಕದಲ್ಲಿ ಸುಮಾರು 46% ಆರ್ಸೆನಿಕ್. ಅದಿರನ್ನು ನುಣ್ಣಗೆ ಅರೆದು ಗುಡ್ಡೆ ಹಾಕಿದಾಗ ಗಾಳಿ, ನೀರು ತಾಗಿ ಆರ್ಸೆನಿಕ್ ಹೊರಬೀಳುತ್ತದೆ. ಗಣಿ ಇಲ್ಲದ ಊರಲ್ಲೂ ಇದೇ ಜಾತಿಯ ಬಂಡೆಗೆ ಬೋರ್ ಕೊರೆದಿದ್ದರೆ ಪರೀಕ್ಷೆ ಬೇಕು.

‘ಪಿಎಚ್ ಸರಿಯಾಗಿದೆ, ನೀರು ತಿಳಿಯಾಗಿದೆ’ ಎಂಬ ಸಮಾಧಾನ ಅಪಾಯಕಾರಿ. ಈ ಖನಿಜ ಗಾಳಿ, ನೀರಿಗೆ ಕರಗುವಾಗ ಆಮ್ಲ ಹುಟ್ಟುತ್ತದೆ, ಆದರೆ ಇಲ್ಲಿಯ ಬಂಡೆಯಲ್ಲಿರುವ ಕಾರ್ಬೊನೇಟ್ ಅದನ್ನು ತಣಿಸುವುದರಿಂದ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಯುವುದಿಲ್ಲ. ಆಮ್ಲ ತಣಿದರೆ ತಾಮ್ರ, ಸೀಸ ತಳಕ್ಕೆ ಕೂರುತ್ತವೆ, ಆರ್ಸೆನಿಕ್ ಹಾಗಲ್ಲ. ಪಿಎಚ್ 8 ದಾಟಿದಂತೆ ಅದು ಕಬ್ಬಿಣದ ತುಕ್ಕಿನ ಹಿಡಿತ ಬಿಟ್ಟು ನೀರಿಗೆ ಸೇರುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್‌ಗೂ ಇದು ಕಾಣದು. ಲೀಟರಿಗೆ ಸಾವಿರ ಮಿಲಿಗ್ರಾಂ ಲವಣವಿರುವ ನೀರಲ್ಲಿ 0.05 ಮಿಲಿಗ್ರಾಂ ಆರ್ಸೆನಿಕ್ ಎಲ್ಲಿ ಗೊತ್ತಾಗಬೇಕು?

ಹೆಚ್ಚಿನ ತಪ್ಪು ಆಗುವುದು ಸ್ಯಾಂಪಲ್ ಹಿಡಿಯುವಾಗ. ಟ್ಯಾಂಕಿನ ನೀರು ಬೇಡ. ಪಂಪ್ ಓಡಿಸಿ, ಪಿಎಚ್, ಟಿಡಿಎಸ್ ಮೀಟರ್ ರೀಡಿಂಗ್ ಒಂದೇ ಕಡೆ ನಿಂತ ಮೇಲೆ ಅದೇ ನೀರಿನಿಂದ ಮೂರು ಸಲ ಗಲಬರಿಸಿದ 500 ಮಿಲಿ ಪ್ಲಾಸ್ಟಿಕ್ ಬಾಟಲಿ ತುಂಬಿ. ಅದಕ್ಕೆ ಸುಮಾರು 1 ಮಿಲಿ ಶುದ್ಧ ನೈಟ್ರಿಕ್ ಆಮ್ಲ ಸೇರಬೇಕು, ಪಿಎಚ್ 2ಕ್ಕಿಂತ ಕೆಳಗಿಳಿಯಬೇಕು. ಗ್ಲೌಸ್ ಹಾಕಿಕೊಂಡು, ಗೊತ್ತಿದ್ದವರೇ ಹಾಕಲಿ. ಆಮ್ಲವಿಲ್ಲದೆ ಕಳಿಸಿದರೆ ರಾಯಚೂರಿನ ಬಿಸಿಲಲ್ಲಿ ಲ್ಯಾಬ್ ಮುಟ್ಟುವಷ್ಟರಲ್ಲಿ ನೀರಿನ ಕಬ್ಬಿಣ ಕೆಂಪಗೆ ತಳಕ್ಕಿಳಿದು ಆರ್ಸೆನಿಕ್ಕನ್ನೂ ಎಳೆದುಕೊಂಡಿರುತ್ತದೆ. ಮೇಲಿನ ತಿಳಿನೀರಿನ ವರದಿ ‘ಸುರಕ್ಷಿತ’ ಎಂದು ಬರುತ್ತದೆ, ಮನೆಮಂದಿ ಅದನ್ನೇ ಕುಡಿಯುತ್ತಾರೆ. ಬಗ್ಗಡ ನೀರಾದರೆ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಆಮ್ಲ ಹಾಕಿದ್ದೊಂದು, ಸೋಸದೆ ಹಾಕಿದ್ದೊಂದು ಕೊಡಿ. ಫ್ಲೋರೈಡ್, ನೈಟ್ರೇಟ್‌ಗೆ ಆಮ್ಲವಿಲ್ಲದ ಬಾಟಲಿ ಬೇರೆ.

ಕುಡಿಯುವ ನೀರಿನ ಆರ್ಸೆನಿಕ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 0.01 ಮಿಲಿಗ್ರಾಂ. ವರದಿಯಲ್ಲಿ ‘0.05ಕ್ಕಿಂತ ಕಡಿಮೆ’ ಎಂದಷ್ಟೇ ಬರೆದಿದ್ದರೆ ಅದು ನಿಮಗೆ ಏನನ್ನೂ ಹೇಳಿಲ್ಲ. ಎಷ್ಟು ಸೂಕ್ಷ್ಮದವರೆಗೆ ಅಳೆಯುತ್ತೀರಿ ಎಂದು ಸ್ಯಾಂಪಲ್ ಕೊಡುವ ಮೊದಲೇ ಲ್ಯಾಬ್‌ನವರನ್ನು ಕೇಳಿ. ಕಾಗದ ಬಣ್ಣ ತಿರುಗುವ ಕಿಟ್ ಬಳಸುವವರು ಬಯಲಲ್ಲೇ ಮಾಡಿ, ಅದರಲ್ಲಿ ಹುಟ್ಟುವ ಆರ್ಸೀನ್ ಅನಿಲ ವಿಷ. ಕೊಳೆತ ಮೊಟ್ಟೆ ವಾಸನೆಯ ನೀರಾದರೆ ಸಲ್ಫೈಡ್‌ನಿಂದಲೂ ಕಾಗದ ಬಣ್ಣ ಬದಲಿಸುತ್ತದೆ.

ಕುದಿಸಿದರೆ ಆರ್ಸೆನಿಕ್ ಹೋಗದು, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ನೀರಿನಲ್ಲಿ ಆರ್ಸೆನಿಕ್ ಆರ್ಸೆನೇಟ್, ಆರ್ಸೆನೈಟ್ ಎಂಬ ಎರಡು ರೂಪದಲ್ಲಿರುತ್ತದೆ; ಆರ್‌ಒ ಘಟಕ ಆರ್ಸೆನೇಟ್ ರೂಪವನ್ನು ಚೆನ್ನಾಗಿ ತಡೆದರೂ ಆರ್ಸೆನೈಟ್‌ನ ಒಂದು ಪಾಲು ದಾಟಿಬಿಡಬಹುದು. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನೂ ಪರೀಕ್ಷಿಸಿ. ಘಟಕ ಹೊರಗೆ ಬಿಡುವ ರಿಜೆಕ್ಟ್ ನೀರಿನಲ್ಲಿ ಆರ್ಸೆನಿಕ್ ಮೂಲ ಬೋರಿಗಿಂತ ಹೆಚ್ಚಿರುತ್ತದೆ, ಅದನ್ನು ದನದ ತೊಟ್ಟಿಗೆ ತಿರುಗಿಸಬೇಡಿ.