ಕಾರ್ಲಿ ಲಾಯ್ಡ್: ನಡುಗೆರೆಯಿಂದ ಹೊಡೆದ ಗೋಲು, ಆಮೇಲೆ ಎದ್ದ ಸಂಬಳದ ಲೆಕ್ಕ

2015ರ ಜುಲೈ 5, ವ್ಯಾಂಕೂವರ್. ಮಹಿಳಾ ವಿಶ್ವಕಪ್ ಫುಟ್‌ಬಾಲ್ ಫೈನಲ್ ಶುರುವಾಗಿ ಇನ್ನೂ ಕಾಲು ಗಂಟೆ ಆಗಿದೆ ಅಷ್ಟೇ. ಅಮೆರಿಕದ ಮಿಡ್‌ಫೀಲ್ಡರ್ ಕಾರ್ಲಿ ಲಾಯ್ಡ್ ನಡುಗೆರೆ ಹತ್ತಿರ ಚೆಂಡು ಹಿಡಿದು, ಎದುರಿದ್ದ ಜಪಾನ್ ಆಟಗಾರ್ತಿಯಿಂದ ತಪ್ಪಿಸಿಕೊಂಡು, ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಗೋಲ್‌ಕೀಪರ್ ಅಯುಮಿ ಕೈಹೊರಿ ಗೋಲು ಬಿಟ್ಟು ತುಂಬಾ ಮುಂದೆ ಬಂದು ನಿಂತಿದ್ದಾರೆ. ಲಾಯ್ಡ್ ಅಲ್ಲಿಂದಲೇ ಒದ್ದರು. ಕೈಹೊರಿ ಹಿಂದಕ್ಕೆ ಓಡುತ್ತಾ ಎಡವಿದರು, ಬೆರಳ ತುದಿಗೆ ಚೆಂಡು ತಾಗಿತು, ಕಂಬಕ್ಕೆ ಬಡಿದು ಒಳಗೆ ಹೋಯಿತು. 16 ನಿಮಿಷಕ್ಕೆ ಅವರ ಮೂರನೇ ಗೋಲು, ಹ್ಯಾಟ್ರಿಕ್! ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಅದಕ್ಕೂ ಮೊದಲು ಯಾರೂ ಹ್ಯಾಟ್ರಿಕ್ ಹೊಡೆದಿರಲಿಲ್ಲ. ಪಂದ್ಯವನ್ನು ಅಮೆರಿಕ 5–2ಕ್ಕೆ ಗೆದ್ದಿತು.

ಈ ಗೋಲನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅದರ ಹಿಂದೆ ಮುಂದೆ ಏನಾಯ್ತು ಅನ್ನೋದನ್ನೂ ಹೇಳಲೇಬೇಕು.

ಲಾಯ್ಡ್ ನ್ಯೂಜೆರ್ಸಿಯ ಡೆಲ್ರಾನ್ ಊರಿನವರು, ಹುಟ್ಟಿದ್ದು 1982ರಲ್ಲಿ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 2003ರಲ್ಲಿ, 21 ವರ್ಷದೊಳಗಿನವರ ರಾಷ್ಟ್ರೀಯ ತಂಡದಿಂದ ಅವರನ್ನು ಕೈಬಿಟ್ಟರು. ಆಟವೇ ಬೇಡ ಅಂದುಕೊಂಡಿದ್ದರಂತೆ. ಆಗ ಸಿಕ್ಕಿದವರು ಆಸ್ಟ್ರೇಲಿಯಾ ಮೂಲದ ಕೋಚ್ ಜೇಮ್ಸ್ ಗಲಾನಿಸ್. ಕಾಲಲ್ಲಿ ಕೌಶಲವಿದೆ, ಮೈಯಲ್ಲಿ ಕಸುವಿಲ್ಲ, ತಪ್ಪೆಲ್ಲ ಬೇರೆಯವರದ್ದು ಅನ್ನುವ ಸ್ವಭಾವ ಬೇರೆ. ಇವನ್ನೆಲ್ಲ ತಿದ್ದೋಕೆ ಇಬ್ಬರೂ ವರ್ಷಗಟ್ಟಲೆ ದುಡಿದರು. 2005ರಲ್ಲಿ ಲಾಯ್ಡ್ ಹಿರಿಯರ ತಂಡಕ್ಕೆ ಬಂದರು. 2008ರ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಬಂದ ಏಕೈಕ ಗೋಲು ಅವರದ್ದೇ.

ಆಮೇಲೆ ಎಲ್ಲ ಸಲೀಸಾಯ್ತು ಅಂತಲ್ಲ. 2011ರ ವಿಶ್ವಕಪ್ ಫೈನಲ್ ಪೆನಾಲ್ಟಿ ಶೂಟೌಟ್‌ಗೆ ಹೋದಾಗ ಅವರು ಒದ್ದ ಚೆಂಡು ಗೋಲಿನ ಮೇಲಿಂದ ಹಾರಿತು, ಕಪ್ ಜಪಾನ್ ಪಾಲಾಯಿತು. 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋಗುವಾಗ ಅವರು ಮೊದಲ ಹನ್ನೊಂದರಲ್ಲೇ ಇರಲಿಲ್ಲ. ಮೊದಲ ಪಂದ್ಯದ 17ನೇ ನಿಮಿಷದಲ್ಲಿ ಶಾನನ್ ಬಾಕ್ಸ್ ಗಾಯಗೊಂಡರು, ಬದಲಿಯಾಗಿ ಇಳಿದ ಲಾಯ್ಡ್ ಗೋಲು ಹೊಡೆದರು, ಮತ್ತೆ ಅವರನ್ನು ಹೊರಗೆ ಕೂರಿಸೋಕೆ ಯಾರಿಗೂ ಆಗಲಿಲ್ಲ. ವೆಂಬ್ಲಿಯಲ್ಲಿ 80,203 ಜನರ ಮುಂದೆ ಜಪಾನ್ ವಿರುದ್ಧ 2–1 ಗೆದ್ದ ಆ ಫೈನಲ್‌ನಲ್ಲೂ ಎರಡೂ ಗೋಲು ಅವರದ್ದೇ!

ಈಗ ದುಡ್ಡಿನ ವಿಷಯ. 2015ರ ಫೈನಲ್ ಅನ್ನು ಅಮೆರಿಕದಲ್ಲಿ ಒಂದೇ ಚಾನೆಲ್‌ನಲ್ಲಿ ಎರಡೂವರೆ ಕೋಟಿಗಿಂತ ಜಾಸ್ತಿ ಜನ ನೋಡಿದರು. ಕಪ್ ಗೆದ್ದ ತಂಡಕ್ಕೆ ಫಿಫಾ ಕೊಟ್ಟಿದ್ದು 20 ಲಕ್ಷ ಡಾಲರ್. ಅದಕ್ಕೂ ಒಂದು ವರ್ಷ ಮೊದಲು, ಪುರುಷರ ವಿಶ್ವಕಪ್‌ನಲ್ಲಿ ಕೊನೆಯ 16 ತಂಡಗಳ ಘಟ್ಟದಲ್ಲೇ ಸೋತು ಮನೆಗೆ ಬಂದಿದ್ದ ಅಮೆರಿಕದ ಪುರುಷರ ತಂಡಕ್ಕೆ ಸಿಕ್ಕಿದ್ದು 90 ಲಕ್ಷ ಡಾಲರ್. ಅದೂ ಸಾಲದು ಅಂತ, ಮಹಿಳೆಯರ ಆ ಇಡೀ ವಿಶ್ವಕಪ್ ನಡೆದಿದ್ದು ಕೃತಕ ಹುಲ್ಲಿನ ಮೇಲೆ. ಡಿಸೆಂಬರ್‌ನಲ್ಲಿ ಹವಾಯಿಯ ಒಂದು ಪಂದ್ಯ ಮೈದಾನ ಸರಿಯಿಲ್ಲ ಅಂತಲೇ ರದ್ದಾಯಿತು.

2016ರ ಮಾರ್ಚ್‌ನಲ್ಲಿ ಲಾಯ್ಡ್, ಅಲೆಕ್ಸ್ ಮಾರ್ಗನ್, ಮೇಗನ್ ರಾಪಿನೋ, ಬೆಕಿ ಸಾವರ್‌ಬ್ರನ್, ಹೋಪ್ ಸೋಲೊ, ಈ ಐದು ಜನ, ಎರಡೂ ತಂಡಗಳನ್ನು ನಡೆಸುವ ಅಮೆರಿಕದ ಫುಟ್‌ಬಾಲ್ ಫೆಡರೇಷನ್ ಮೇಲೆ, ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಟ್ಟರು. ಆಗ ಪುರುಷರಿಗೆ ಸೌಹಾರ್ದ ಪಂದ್ಯ ಸೋತರೂ ತಲಾ 5,000 ಡಾಲರ್. ಮಹಿಳೆಯರಿಗೆ ಗೆದ್ದರೆ ಬೋನಸ್ 1,350, ಸೋತರೆ ಏನೂ ಇಲ್ಲ.

ಫೆಡರೇಷನ್ನಿನ ವಾದವೂ ಇತ್ತು: ಮಹಿಳೆಯರಿಗೆ ವರ್ಷದ ಸಂಬಳವಿತ್ತು, ಪುರುಷರಿಗೆ ಅದಿರಲಿಲ್ಲ. ನಿಜ. ಆದರೆ ಸಂಬಳ ಯಾಕೆ ಬೇಕಾಯ್ತು ಅಂತ ಕೇಳಬೇಕಲ್ವಾ? ಪುರುಷರಿಗೆ ಕ್ಲಬ್‌ಗಳು ಕೈತುಂಬಾ ಕೊಡುತ್ತವೆ. ಮಹಿಳೆಯರ ಮೊದಲ ವೃತ್ತಿಪರ ಲೀಗ್ ಮೂರು ಸೀಸನ್ ಆಡಿ 2003ರಲ್ಲಿ ಮುಚ್ಚಿತು. ಲಾಯ್ಡ್ ಕಾಲೇಜು ಆಟ ಮುಗಿಸುವ ಹೊತ್ತಿಗೆ ಅಮೆರಿಕದಲ್ಲಿ ಅವರಿಗೆ ವೃತ್ತಿಪರ ಲೀಗೇ ಇರಲಿಲ್ಲ. 2009ರಲ್ಲಿ ಶುರುವಾದ ಎರಡನೆಯದೂ ಮೂರೇ ಸೀಸನ್. ಈಗಿನ ಲೀಗ್ ಬಂದಿದ್ದು 2013ರಲ್ಲಿ. ಈ ನಡುವೆ ಬಾಡಿಗೆ ಕಟ್ಟೋಕೆ ರಾಷ್ಟ್ರೀಯ ತಂಡದ ಸಂಬಳ ಬಿಟ್ಟರೆ ಗಟ್ಟಿ ದಾರಿ ಯಾವುದಿತ್ತು? ಆ ಭದ್ರತೆಯನ್ನೇ ಮುಂದಿಟ್ಟು ಬೋನಸ್ ಕಮ್ಮಿ ಕೊಟ್ಟಿದ್ದು ನನಗಂತೂ ಅನ್ಯಾಯ ಅಂತಲೇ ಅನಿಸುತ್ತದೆ.

2019ರ ಮಾರ್ಚ್ 8ರಂದು, ಮಹಿಳಾ ದಿನದಂದೇ, 28 ಆಟಗಾರ್ತಿಯರು ಕೋರ್ಟಿಗೆ ಹೋದರು. 2020ರಲ್ಲಿ ನ್ಯಾಯಾಧೀಶರು ವೇತನದ ಭಾಗವನ್ನು ತಳ್ಳಿಹಾಕಿದರು, ಹೆಚ್ಚಾಗಿ ಸಂಬಳ ಕೊಟ್ಟು ಬೋನಸ್ ಕಮ್ಮಿ ಇಟ್ಟಿದ್ದ ಆ ಒಪ್ಪಂದದ ಸ್ವರೂಪವನ್ನೇ ಕಾರಣ ಮಾಡಿ. ಮೇಲ್ಮನವಿ ಹೋಯಿತು.

ಲಾಯ್ಡ್ ಆಡುತ್ತಲೇ ಇದ್ದರು. 39ನೇ ವಯಸ್ಸಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲೂ ಎರಡು ಗೋಲು. 2021ರ ಅಕ್ಟೋಬರ್ 26ರಂದು ಸೇಂಟ್ ಪಾಲ್‌ನಲ್ಲಿ, ದಕ್ಷಿಣ ಕೊರಿಯಾ ವಿರುದ್ಧದ ಕೊನೆಯ ಪಂದ್ಯದ 65ನೇ ನಿಮಿಷದಲ್ಲಿ ಅವರನ್ನು ಹೊರಗೆ ಕರೆದಾಗ, ಬೂಟು ಬಿಚ್ಚಿ ಮೈದಾನದಲ್ಲೇ ಇಟ್ಟು, ಜೆರ್ಸಿ ತೆಗೆದರು. ಒಳಗಿನ ಜೆರ್ಸಿಯ ಬೆನ್ನ ಮೇಲೆ ಗಂಡನ ಮನೆತನದ ಹೆಸರು, ಹಾಲಿನ್ಸ್. ಒಟ್ಟು 316 ಪಂದ್ಯ, 134 ಗೋಲು.

ನಾಲ್ಕು ತಿಂಗಳ ನಂತರ, 2022ರ ಫೆಬ್ರವರಿಯಲ್ಲಿ, ಆ ವೇತನದ ಕೇಸು 2.4 ಕೋಟಿ ಡಾಲರ್‌ಗೆ ರಾಜಿಯಾಯಿತು. ಮೇ ತಿಂಗಳಲ್ಲಿ ಹೊಸ ಒಪ್ಪಂದ: ವಿಶ್ವಕಪ್ ಬಹುಮಾನದ ಹಣವನ್ನು ಎರಡೂ ತಂಡಗಳು ಒಟ್ಟು ಹಾಕಿ ಸಮನಾಗಿ ಹಂಚಿಕೊಳ್ಳಬೇಕು. ಆ ವರ್ಷ ಪುರುಷರ ತಂಡ ಕತಾರ್‌ನಲ್ಲಿ 16ರ ಘಟ್ಟದಲ್ಲಿ ಸೋತು ತಂದ 1.3 ಕೋಟಿ ಡಾಲರ್‌ನಲ್ಲಿ ಮಹಿಳೆಯರಿಗೂ ಸಮಪಾಲು ಬಂತು. ಅಷ್ಟು ಹೊತ್ತಿಗೆ ಲಾಯ್ಡ್ ತಂಡದಲ್ಲಿ ಇರಲಿಲ್ಲ.