ಮೇವು ಮುಂದಿದ್ದರೂ ಟಗರು ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ಅಮೀನಗಡ ಸಂತೆಯಲ್ಲಿ ಹಿಡಿದ ಕೆಂಗುರಿ ಟಗರುಗಳನ್ನು ಹಡಗಿಗೆ ಸಾಗಿಸುವವರಿಗೆ ಕೊಡುತ್ತೇವೆ. ಗ್ವಾದಲಿ (ಮೇವಿನ ತೊಟ್ಟಿ) ತುಂಬ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು) ಇದ್ದರೂ ಕೆಲವು ತಿನ್ನದೆ ಸೊರಗುತ್ತವಂತೆ. ಇಲ್ಲೇ ಏನು ಮಾಡಬಹುದು?
– ಹುನಗುಂದ ತಾಲ್ಲೂಕಿನ ಓದುಗರು

ಉತ್ತರ: ಅದು ಮೇವು ಅಂತ ಅವಕ್ಕೆ ಗೊತ್ತೇ ಇರುವುದಿಲ್ಲ. ಹುಟ್ಟಿದಾಗಿನಿಂದ ಬದು, ಬೀಳು, ಕೊಯ್ದ ಹೊಲ ಮೇಯ್ದ ಕುರಿ ಗ್ವಾದಲಿಗೆ ಬಾಯಿ ಹಾಕುವುದನ್ನು ಕಲಿಯಬೇಕು. ಆ ಕಲಿಕೆ ನೆಲದ ಮೇಲೇ ಮುಗಿಯಬೇಕು.

ಆಸ್ಟ್ರೇಲಿಯಾದಿಂದ ಕೊಲ್ಲಿ ದೇಶಗಳಿಗೆ ಹೊರಟ ಹಡಗುಗಳಲ್ಲಿ ಕುರಿ ಸಾವಿಗೆ ಮುಖ್ಯವಾಗಿ ಕಂಡ ಕಾರಣ ಎರಡು: ತಿನ್ನದೆ ಸೊರಗುವುದು ಮತ್ತು ಸಾಲ್ಮೊನೆಲ್ಲಾ ಸೋಂಕು. ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಹೊಟ್ಟೆಯಲ್ಲಿ ಮೇವು ಹುದುಗಿದಾಗ ಹುಟ್ಟುವ ಆಮ್ಲಗಳು ಈ ಸೂಕ್ಷ್ಮಾಣುವನ್ನು ತಡೆದಿಡುತ್ತವೆ. ಹೊಟ್ಟೆ ಬರಿದಾದರೆ ಆ ತಡೆ ಹೋಗುತ್ತದೆ. ಮೈ ತುಂಬಿದ ಟಗರು ತಡೆದುಕೊಳ್ಳುತ್ತದೆ ಅಂತ ನಂಬಬೇಡಿ. ಕೊಬ್ಬಿದ, ವಯಸ್ಸಾದ ಕುರಿ ಮೈಯ ಕೊಬ್ಬನ್ನೇ ಕರಗಿಸಿಕೊಂಡು ಮೇವಿನ ಕಡೆ ತಿರುಗಿಯೂ ನೋಡುವುದಿಲ್ಲ. ಮರಿ ಟಗರು ಬೇಗ ಕಲಿಯುತ್ತದೆ.

ಸಾಗಿಸುವ ಮೊದಲು ಈ ಕಲಿಕೆಗೆ ಎರಡು ವಾರ ಕೈಯಲ್ಲಿಟ್ಟುಕೊಳ್ಳಿ. ಪೆಲೆಟ್ ಶುರು ಮಾಡುವ ಮೊದಲೇ ಪಶುವೈದ್ಯರಿಂದ ಕರಳುಬೇನೆ (ಕರುಳಿನಲ್ಲಿ ವಿಷ ಹುಟ್ಟುವ ರೋಗ) ಲಸಿಕೆ ಹಾಕಿಸಿರಬೇಕು, ಕಾಳಿನಂಶ ಏರಿದಾಗಲೇ ಆ ರೋಗ ಬಡಿಯುವುದು. ಕಡಲೆ ಹೊಟ್ಟು, ಜೋಳದ ಕಣಿಕೆ ಬೇಕಾದಷ್ಟು ಹಾಕಿ, ಅದರ ಮೇಲೆ ಮೊದಲ ಎರಡು ದಿನ ಕುರಿಗೆ 100 ಗ್ರಾಂ ಪೆಲೆಟ್ ಉದುರಿಸಿ. ಆಮೇಲೆ ದಿನ ಬಿಟ್ಟು ದಿನ 100 ಗ್ರಾಂ ಏರಿಸಿದರೆ ಹದಿಮೂರನೇ ದಿನಕ್ಕೆ 700 ಗ್ರಾಂ ಆಗುತ್ತದೆ. 30 ಕಿಲೋ ಟಗರಿಗೆ ದಿನಕ್ಕೆ ಸುಮಾರು 900 ಗ್ರಾಂ ಒಣ ಆಹಾರ ಬೇಕು, ಉಳಿದದ್ದು ಹೊಟ್ಟಿನಿಂದ ತುಂಬಲಿ. ಅವಸರ ಮಾಡಿ ಗೋವಿನಜೋಳ ಸುರಿದರೆ ಹೊಟ್ಟೆ ಹುಳಿಯಾಗಿ ಭೇದಿ ಶುರುವಾಗುತ್ತದೆ, ಕುರಿ ಹಲ್ಲು ಕಡಿಯುತ್ತ ಮಲಗಿಬಿಡುತ್ತದೆ. ಗ್ವಾದಲಿಯ ತಳದಲ್ಲಿ ಉಳಿದ ಪುಡಿಯನ್ನು ದಿನಾ ತೆಗೆಯಿರಿ. ಪುಡಿ ಮತ್ತು ಹಿಕ್ಕೆ ಬಿದ್ದ ಮೇವಿಗೆ ಕುರಿ ಮೂಗು ತಿರುಗಿಸುತ್ತದೆ.

ಬೆಳಗಿನ ಮೇವಿನ ಹೊತ್ತಿಗೆ ದೊಡ್ಡಿಯ ಮೂಲೆಯಲ್ಲಿ ನಿಂತವಕ್ಕೆ ಬೆನ್ನಿನ ಮೇಲೆ ಬಣ್ಣ ಹಚ್ಚಿ. ಎಡಗಡೆ, ಕೊನೆಯ ಪಕ್ಕೆಲುಬಿಗೂ ಸೊಂಟದೆಲುಬಿಗೂ ನಡುವೆ ಕೈಯಿಟ್ಟು ನೋಡಿ: ಅಲ್ಲಿ ಕುಳಿ ಬಿದ್ದಿದ್ದರೆ ಹೊಟ್ಟೆ ಖಾಲಿ. ಐದನೇ ದಿನಕ್ಕೂ ಹಾಗೇ ಇದ್ದವನ್ನು, ಚೆನ್ನಾಗಿ ತಿನ್ನುವ ಎರಡು-ಮೂರು ಕುರಿಗಳ ಜೊತೆ ಬೇರೆ ದೊಡ್ಡಿಗೆ ಹಾಕಿ, ನೋಡಿ ಕಲಿಯುತ್ತವೆ. ಹದಿನಾಲ್ಕನೇ ದಿನಕ್ಕೂ ತಿನ್ನದ ಟಗರನ್ನು ಲಾರಿ ಹತ್ತಿಸಬೇಡಿ, ಸ್ಥಳೀಯ ಸಂತೆಯಲ್ಲಿ ಮಾರಿ.