ಚೀನಾದ ಮಹಾಕ್ಷಾಮ: 1.5 ಕೋಟಿಯೋ, 4.5 ಕೋಟಿಯೋ?

ಪ್ರಶ್ನೆ: 1959–61ರ ಚೀನಾ ಕ್ಷಾಮದಲ್ಲಿ ಸತ್ತವರು ಒಂದು ಪುಸ್ತಕದ ಪ್ರಕಾರ 4.5 ಕೋಟಿ, ಇನ್ನೊಂದರ ಪ್ರಕಾರ 1.5 ಕೋಟಿ. ಕ್ಷಾಮವೇ ಕಟ್ಟುಕತೆ ಎನ್ನುವವರೂ ಇದ್ದಾರೆ. ಯಾರನ್ನು ನಂಬುವುದು?

ಉತ್ತರ: ಮೊತ್ತವನ್ನು ಆಮೇಲೆ ನೋಡಿ. ‘ಮಾಮೂಲಿ’ ವರ್ಷದ ಸಾವು ಎಷ್ಟೆಂದು ಲೇಖಕರು ಹಿಡಿದಿದ್ದಾರೆ ಎಂಬುದನ್ನು ಮೊದಲು ಹುಡುಕಿ. ಹಸಿವಿನಿಂದ ಸತ್ತವರ ತಲೆ ಎಣಿಸಿಟ್ಟ ದಾಖಲೆ ಇಡೀ ದೇಶಕ್ಕೆ ಇಲ್ಲ. ಒಟ್ಟು ಸಾವಿನಲ್ಲಿ ಮಾಮೂಲಿ ಸಾವನ್ನು ಕಳೆದು ಉಳಿದದ್ದೇ ಕ್ಷಾಮದ ಲೆಕ್ಕ.

ಚೀನಾ ಸರ್ಕಾರವೇ 1980ರ ದಶಕದಲ್ಲಿ ಪ್ರಕಟಿಸಿದ ಅಂಕಿಗಳನ್ನು ತೆಗೆದುಕೊಳ್ಳಿ. ಸಾವಿರ ಜನರಿಗೆ ಸಾವು 1957ರಲ್ಲಿ 10.80, 1958ರಲ್ಲಿ 11.98, 1959ರಲ್ಲಿ 14.59, 1960ರಲ್ಲಿ 25.43, 1961ರಲ್ಲಿ 14.24. ಜನಸಂಖ್ಯೆ ಸುಮಾರು 66 ಕೋಟಿ. 1957ನ್ನು ಮಾಮೂಲಿ ಎಂದಿಟ್ಟುಕೊಂಡರೆ 1960ರ ಒಂದೇ ವರ್ಷದಲ್ಲಿ ಸುಮಾರು 97 ಲಕ್ಷ, 1958ರಿಂದ ನಾಲ್ಕು ವರ್ಷ ಕೂಡಿದರೆ ಸುಮಾರು 1.5 ಕೋಟಿ ಹೆಚ್ಚುವರಿ ಸಾವು. ಕಟ್ಟುಕತೆಯ ವಾದ ಇಲ್ಲಿಗೇ ಮುಗಿಯಿತು.

ಆದರೆ ಆ 10.80 ತೀರಾ ಕಡಿಮೆ. ಆ ಕಾಲದಲ್ಲಿ ಹಳ್ಳಿಗಳ ಎಷ್ಟೋ ಸಾವು, ಅದರಲ್ಲೂ ಶಿಶುಗಳ ಸಾವು, ನೋಂದಣಿಯೇ ಆಗುತ್ತಿರಲಿಲ್ಲ. ಪುಸ್ತಕಗಳು ಎಡವುವುದು ಇಲ್ಲೇ. ಮಾಮೂಲಿ ದರ ಸಾವಿರಕ್ಕೆ ಒಂದು ಏರಿದರೂ ನಾಲ್ಕು ವರ್ಷದ ಲೆಕ್ಕದಲ್ಲಿ 26 ಲಕ್ಷ ಸಾವು ಕಡಿಮೆಯಾಗುತ್ತದೆ. ಕ್ಷಾಮವನ್ನು ಚಿಕ್ಕದು ಮಾಡುವವರು ಮಾಮೂಲಿ ದರವನ್ನು ತಿದ್ದಿ ಏರಿಸುತ್ತಾರೆ, 1960ರ ದರವನ್ನು ಇದ್ದಂತೆಯೇ ಬಿಡುತ್ತಾರೆ. ಹಿಗ್ಗಿಸುವವರು ಕ್ಷಾಮದ ಸಾವನ್ನು ಮಾತ್ರ ತಿದ್ದಿ, ಮಾಮೂಲಿ ದರವನ್ನು ಹತ್ತರ ಆಸುಪಾಸಿನಲ್ಲೇ ಇಡುತ್ತಾರೆ. ಮಾಮೂಲಿ ದರ, ಕ್ಷಾಮದ ದರ ಎರಡಕ್ಕೂ ಒಂದೇ ಬಗೆಯ ತಿದ್ದುಪಡಿ ಇಲ್ಲದ ಮೊತ್ತವನ್ನು ಒಪ್ಪಬೇಡಿ. 1953, 1964, 1982ರ ಜನಗಣತಿಗಳನ್ನು ಹೋಲಿಸಿ ತಿದ್ದಿದ ಲೆಕ್ಕಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು 2.7ರಿಂದ 3 ಕೋಟಿಯ ಸುತ್ತ ನಿಲ್ಲುತ್ತವೆ. ನಮಗೆ ಹೆಚ್ಚು ಗಟ್ಟಿಯಾಗಿ ಕಾಣುವುದೂ ಅವೇ.

1960ರಲ್ಲಿ ಭಾರತದ ಮರಣ ದರವೂ ಹೆಚ್ಚುಕಡಿಮೆ ಚೀನಾದಷ್ಟೇ ಇತ್ತಲ್ಲ ಎಂಬ ವಾದ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಭಾರತದ್ದು ಜನಗಣತಿಯಿಂದ ಅಂದಾಜಿಸಿದ ದರ, ಚೀನಾದ್ದು ನೋಂದಣಿಯಾದ ಸಾವುಗಳ ದರ. ಅವೆರಡನ್ನು ಪಕ್ಕಪಕ್ಕ ಇಡಲಾಗದು.

‘ಜನಸಂಖ್ಯಾ ನಷ್ಟ’ ಎಂಬ ಪದ ಕಂಡರೆ ನಿಲ್ಲಿ. ಅದರಲ್ಲಿ ಹುಟ್ಟದೇ ಹೋದ ಮಕ್ಕಳೂ ಸೇರಿರಬಹುದು. ಜನನ ದರ 1957ರ 34ರಿಂದ 1961ಕ್ಕೆ 18ಕ್ಕೆ ಕುಸಿದಿತ್ತು.

ಉಲ್ಲೇಖಗಳನ್ನೂ ಹೀಗೇ ಪರೀಕ್ಷಿಸಿ. ಅರ್ಧ ಜನ ಸಾಯಲಿ, ಉಳಿದರ್ಧ ಹೊಟ್ಟೆ ತುಂಬ ಉಣ್ಣಲಿ ಎಂಬರ್ಥದ ಮಾವೋ ಮಾತನ್ನು ಕೊಲೆಯ ಆದೇಶವೆಂಬಂತೆ ಉದ್ಧರಿಸುತ್ತಾರೆ. 1959ರ ಮಾರ್ಚ್‌ನಲ್ಲಿ ಶಾಂಘೈ ಸಭೆಯಲ್ಲಿ ಆ ಮಾತು ಬಂದದ್ದು ಕೈಗಾರಿಕಾ ಯೋಜನೆಗಳ ಸಂಖ್ಯೆ ಇಳಿಸುವ ಚರ್ಚೆಯಲ್ಲಿ, ಯೋಜನೆಗಳಿಗೆ ಕೊಟ್ಟ ಹೋಲಿಕೆಯಾಗಿ. ಇದರಿಂದ ಮಾವೋ ಹೊಣೆ ತಪ್ಪುವುದಿಲ್ಲ. ಅದೇ ವರ್ಷ ಕಮ್ಯುನಿಸ್ಟ್ ಪಕ್ಷದ ಲುಶಾನ್ ಸಭೆಯಲ್ಲಿ ಮಾವೋ ನೀತಿಯನ್ನು ಟೀಕಿಸಿದ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಅವರನ್ನು ಪದವಿಯಿಂದ ಇಳಿಸಲಾಯಿತು. ಚೀನಾ ಸುಮಾರು 40 ಲಕ್ಷ ಟನ್ ಧಾನ್ಯವನ್ನು ರಫ್ತು ಮಾಡಿದ್ದೂ ಅದೇ ವರ್ಷ.